ಬಂಡೆಗಳ ಬಗ್ಗೆ ವಾದ ಮಾಡಲು ಒಂದು ಜಾಗ

ಬೆಂಗಳೂರಿನ ಗವಿಪುರಂ ಅಂದರೆ ಜನರಿಗೆ ಮೊದಲು ನೆನಪಾಗುವುದು ಗವಿ ಗಂಗಾಧರೇಶ್ವರ ದೇವಸ್ಥಾನ. ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ನೋಡಲು ದೊಡ್ಡ ಗುಂಪೇ ಸೇರುತ್ತದೆ. ಆ ಗುಡಿಯನ್ನು ಕೊರೆದಿರುವ ಬಂಡೆ ಹೆಚ್ಚುಕಡಿಮೆ 300 ಕೋಟಿ ವರ್ಷ ಹಳೆಯದು. ಅಂಥ ಬಂಡೆಗಳನ್ನು ಓದುವವರ ಸಂಘವೊಂದರ ವಿಳಾಸವೂ ಅದೇ ಗವಿಪುರಂನ ಬಸಪ್ಪ ಲೇಔಟ್ ಅನ್ನುವುದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಜಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ ಅಂತ ಅದರ ಹೆಸರು. ಹುಟ್ಟಿದ್ದು 1958ರಲ್ಲಿ, ಬೆಂಗಳೂರಿನಲ್ಲೇ.

ಇದನ್ನು ಜಿಯಾಲಜಿಕಲ್ ಸರ್ವೆ ಆಫ್ ಇಂಡಿಯಾ ಅಂದುಕೊಳ್ಳುವವರು ಜಾಸ್ತಿ. ಸರ್ವೆ ಬೇರೆ. ಅದು ಸರ್ಕಾರದ ದೊಡ್ಡ ಇಲಾಖೆ, 1851ರಲ್ಲಿ ಕಲ್ಕತ್ತಾದಲ್ಲಿ ಶುರುವಾದದ್ದು. ಸೊಸೈಟಿ ಸದಸ್ಯರು ಕಟ್ಟಿಕೊಂಡ ಸಂಘ. ಚಂದಾ ಕಟ್ಟಿದವರೆಲ್ಲ ಅದರ ಸದಸ್ಯರು. ಇಲಾಖೆಯ ನಿರ್ದೇಶಕರೂ ಸದಸ್ಯರೇ, ನಿನ್ನೆ ಮೊನ್ನೆ ಎಂ.ಎಸ್ಸಿ. ಮುಗಿಸಿದ ಹುಡುಗಿಯೂ ಸದಸ್ಯೆಯೇ.

ನಾನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುವವನು. ಸೊಸೈಟಿಯ ಹೆಸರು ಹೇಳಿದಾಗೆಲ್ಲ ಯಾರಾದರೂ ಒಬ್ಬ ವಿದ್ಯಾರ್ಥಿ ಕೇಳುತ್ತಾನೆ: "ಸರ್ವೆ ಇದೆ, ಯೂನಿವರ್ಸಿಟಿ ಇದೆ, ಗಣಿ ಕಂಪನಿಗಳಿವೆ. ಮತ್ತೆ ಸಂಘ ಯಾಕೆ ಸಾರ್?" ಒಳ್ಳೆಯ ಪ್ರಶ್ನೆ. ಕ್ಲಾಸಿನಲ್ಲಿ ಇದಕ್ಕೆ ಐದು ನಿಮಿಷದಲ್ಲಿ ಉತ್ತರ ಹೇಳಿದರೆ ನನಗೇ ಸಮಾಧಾನ ಆಗುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಭೂವಿಜ್ಞಾನದಲ್ಲಿ ಒಂದು ತೊಡಕಿದೆ. ರಸಾಯನಶಾಸ್ತ್ರದವರು ಮೈಸೂರಿನಲ್ಲಿ ಮಾಡಿದ ಪ್ರಯೋಗವನ್ನು ಟೋಕಿಯೋದಲ್ಲಿ ಮತ್ತೆ ಮಾಡಿ ನೋಡಬಹುದು. ಬಾಬಾಬುಡನ್ ಗಿರಿಯನ್ನು ಟೋಕಿಯೋಗೆ ಒಯ್ಯಲು ಆಗುವುದಿಲ್ಲ. ಬಂಡೆ ಇರುವ ಕಡೆಗೇ ಮನುಷ್ಯ ಹೋಗಬೇಕು. ಹೋದರೂ ನೆಲದಡಿ ಇರುವುದರಲ್ಲಿ ನೂರಕ್ಕೊಂದು ಭಾಗವೂ ಕಣ್ಣಿಗೆ ಬೀಳುವುದಿಲ್ಲ. ಮೇಲೆ ಮಣ್ಣಿದೆ, ಕಾಫಿ ತೋಟವಿದೆ, ಊರಿದೆ. ಅಲ್ಲೊಂದು ಹಳ್ಳದ ದಂಡೆ, ಇಲ್ಲೊಂದು ರಸ್ತೆಗೆ ಕಡಿದ ಗುಡ್ಡ, ಮತ್ತೊಂದು ಕಲ್ಲು ಕ್ವಾರಿ. ಇಷ್ಟನ್ನು ನೋಡಿ ಉಳಿದದ್ದನ್ನು ಊಹಿಸಬೇಕು. ಇಬ್ಬರು ಪ್ರಾಮಾಣಿಕರು ಒಂದೇ ಗುಡ್ಡ ನೋಡಿ ಎರಡು ಬೇರೆ ಕಥೆ ಹೇಳುವುದು ಇಲ್ಲಿ ಮಾಮೂಲು. ಇಬ್ಬರ ಮಾತೂ ದಾಖಲಾಗಬೇಕು, ಮೂರನೆಯವರು ಅದನ್ನು ಓದಿ ಅದೇ ಗುಡ್ಡ ಹತ್ತಬೇಕು. ಕೆಲಸ ಮುಂದೆ ಹೋಗುವುದೇ ಹೀಗೆ.

ಈ ವಾದ ಇಲಾಖೆಯೊಳಗೆ ನಡೆಯುವುದು ಕಷ್ಟ. ಇಲಾಖೆಯಲ್ಲಿ ಮೇಲಧಿಕಾರಿ ಇರುತ್ತಾರೆ. ಅವರು ಒಪ್ಪಿದ ನಕ್ಷೆಯೇ ಇಲಾಖೆಯ ನಕ್ಷೆ. ಇದನ್ನು ಸುಮ್ನೆ ಹೇಳುತ್ತಿಲ್ಲ, ನಮ್ಮ ನಾಡಿನಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ.

ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದದ್ದು 1894ರಲ್ಲಿ. ಸರ್ವೆಯಿಂದ ನಿವೃತ್ತರಾಗಿದ್ದ ರಾಬರ್ಟ್ ಬ್ರೂಸ್ ಫೂಟ್ ಅದರ ಮೊದಲ ಮುಖ್ಯಸ್ಥರು. ದಕ್ಷಿಣ ಭಾರತದ ಇತಿಹಾಸಪೂರ್ವ ಮಾನವನ ಕಲ್ಲಿನ ಆಯುಧವನ್ನು 1863ರಲ್ಲಿ ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಗುರುತಿಸಿದವರೂ ಅವರೇ. ಕರ್ನಾಟಕದ ಉದ್ದಕ್ಕೂ ಪಟ್ಟೆ ಪಟ್ಟೆಯಾಗಿ ಹಬ್ಬಿರುವ ಹಸಿರು, ಕಪ್ಪು ಬಣ್ಣದ, ಹಾಳೆ ಹಾಳೆಯಾಗಿ ಸೀಳುವ ಶಿಸ್ಟ್ ಶಿಲೆಗಳಿಗೆ 'ಧಾರವಾಡ' ಅಂತ ಹೆಸರು ಕೊಟ್ಟವರೂ ಅವರು. ಚಿನ್ನ, ಕಬ್ಬಿಣ, ಮ್ಯಾಂಗನೀಸ್ ಎಲ್ಲ ಸಿಗುವುದು ಹೆಚ್ಚಾಗಿ ಈ ಶಿಲೆಗಳಲ್ಲೇ. ಈ ಪಟ್ಟೆಗಳ ಸುತ್ತ ಎಲ್ಲ ಕಡೆ ಹರಡಿರುವುದು ನೈಸ್, ಅಂದರೆ ತಿಳಿ ಮತ್ತು ಕಪ್ಪು ಗೆರೆಗಳಿರುವ ಗಟ್ಟಿ ಶಿಲೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಅದೇ.

ಈಗ ಪ್ರಶ್ನೆ: ಇವೆರಡರಲ್ಲಿ ಹಳೆಯದು ಯಾವುದು?

ಫೂಟ್ ಅವರ ಲೆಕ್ಕದಲ್ಲಿ ನೈಸ್ ಹಳೆಯದು. ಅದು ತಳಪಾಯ, ಧಾರವಾಡ ಶಿಲೆಗಳು ಅದರ ಮೇಲೆ ಕೂತವು. ಅವರ ನಂತರ ಇಲಾಖೆಯ ಮುಖ್ಯಸ್ಥರಾದ ಡಬ್ಲ್ಯು.ಎಫ್. ಸ್ಮೀತ್ ಇದನ್ನು ತಿರುಗಿಸಿಬಿಟ್ಟರು. ಧಾರವಾಡವೇ ಎಲ್ಲಕ್ಕಿಂತ ಹಳೆಯದು, ನೈಸ್ ಆಮೇಲೆ ಕೆಳಗಿನಿಂದ ನುಗ್ಗಿ ಬಂದದ್ದು ಅಂದರು. 'ಪೆನಿನ್ಸುಲರ್ ನೈಸ್' ಅನ್ನುವ ಹೆಸರು ಸ್ಮೀತ್ ಅವರಿಂದಲೇ ಬಳಕೆಗೆ ಬಂತು. ಅವರು ಸುಮ್ಮನೆ ಹಾಗಂದವರಲ್ಲ. ಎಷ್ಟೋ ಕಡೆ ನೈಸ್ ಒಳಗೆ ಶಿಸ್ಟ್‌ನ ತುಂಡುಗಳು ಸಿಕ್ಕಿಕೊಂಡಿರುವುದು ಕಣ್ಣಿಗೇ ಕಾಣುತ್ತದೆ. ಒಳಗೆ ಸಿಕ್ಕಿಕೊಂಡದ್ದು ಸುತ್ತ ಇರುವುದಕ್ಕಿಂತ ಹಳೆಯದೇ ಆಗಿರಬೇಕು ಅಲ್ವಾ? ಆದರೆ ಬಾಬಾಬುಡನ್ ಸೀಮೆಯ ಕಲ್‌ದುರ್ಗದಲ್ಲಿ, ಹೊಳಲ್ಕೆರೆ ಕಡೆಯ ತಾಳ್ಯದಲ್ಲಿ ಇನ್ನೊಂದು ಸಾಕ್ಷಿ ಇತ್ತು. ಅಲ್ಲಿಯ ಧಾರವಾಡ ಶಿಲೆಗಳಲ್ಲಿ ಕಾಂಗ್ಲೊಮರೇಟ್ ಇದೆ. ಅಂದರೆ ಹಳೇ ಹೊಳೆಗಳು ಉರುಳಿಸಿ ತಂದ ಉಂಡೆಗಲ್ಲುಗಳು ಅಂಟಿಕೊಂಡು ಗಟ್ಟಿಯಾದ ಶಿಲೆ. ಅದರಲ್ಲಿ ನೈಸ್, ಗ್ರಾನೈಟ್ ಉಂಡೆಗಳೂ ಇವೆ. ನೈಸ್ ಮೊದಲೇ ಇಲ್ಲದಿದ್ದರೆ ಅದರ ಉಂಡೆ ಹೊಳೆಗೆ ಬಿದ್ದದ್ದು ಹೇಗೆ?

ಇಲಾಖೆಯ ನಿಲುವು ಗಟ್ಟಿಯಾಗಿದ್ದ ಕಾಲದಲ್ಲಿ ಇಂಥ ಕಾಂಗ್ಲೊಮರೇಟ್‌ಗಳನ್ನು 'ಭೂಮಿಯ ಒತ್ತಡಕ್ಕೆ ಶಿಲೆ ಪುಡಿಯಾಗಿ ಉಂಡೆ ಕಟ್ಟಿದ್ದು' ಅಂತ ವಿವರಿಸುತ್ತಿದ್ದರು. ಹೊಳೆಯ ಮಾತೇ ಬೇಡ ಅಂತ. ಮುಂದೆ ಬಿ. ರಾಮರಾವ್ ಅವರಂಥವರು ಇವುಗಳಲ್ಲಿ ಬಹಳಷ್ಟು ನೀರಿನಲ್ಲಿ ಆದ ಶಿಲೆಗಳೇ ಅಂತ ತೋರಿಸಿಕೊಟ್ಟರು. ಆದರೂ ದಶಕಗಳ ಕಾಲ ಈ ಪ್ರಶ್ನೆ ಮುಗಿಯಲಿಲ್ಲ.

ಸೊಸೈಟಿ ಹುಟ್ಟಿದ್ದು ಈ ವಾದ ಇನ್ನೂ ಬಿಸಿಯಾಗಿದ್ದಾಗ. ಹಿಮಾಲಯದ ರಚನೆಯ ಬಗ್ಗೆ ಜಗತ್ತಿಗೇ ಪಾಠ ಹೇಳಿದ್ದ ಡಿ.ಎನ್. ವಾಡಿಯಾ ಮೊದಲ ಅಧ್ಯಕ್ಷರು. ಆಗ ಅವರಿಗೆ 70 ದಾಟಿತ್ತು. ಸೆಂಟ್ರಲ್ ಕಾಲೇಜಿನ ಎಲ್. ರಾಮರಾವ್ ಮೊದಲ ಸಂಪಾದಕರು. ಮೈಸೂರು ಇಲಾಖೆಯಲ್ಲಿದ್ದ 40ರ ಹರೆಯದ ಬಿ.ಪಿ. ರಾಧಾಕೃಷ್ಣ ಕಾರ್ಯದರ್ಶಿ. ಮರುವರ್ಷ, 1959ರಲ್ಲಿ, ಪತ್ರಿಕೆಯ ಮೊದಲ ಸಂಪುಟ ಬಂತು. ಮೊದಮೊದಲು ವರ್ಷಕ್ಕೊಂದು ಸಂಪುಟ. ಈಗ ತಿಂಗಳಿಗೊಂದು ಸಂಚಿಕೆ.

ಅದಕ್ಕೂ ಮುಂಚೆ ಭಾರತದಲ್ಲಿ ಭೂವಿಜ್ಞಾನದ ಸಂಘಗಳು ಇರಲಿಲ್ಲ ಅಂತಲ್ಲ. ಕಲ್ಕತ್ತಾದಲ್ಲಿ ಇದ್ದವು. ಬೆಂಗಳೂರಿನಲ್ಲೇ ಮೈಸೂರು ಜಿಯಾಲಜಿಸ್ಟ್ಸ್ ಅಸೋಸಿಯೇಷನ್ ಇತ್ತು. ಆದರೆ ಇಡೀ ದೇಶದ ಭೂವಿಜ್ಞಾನಿಗಳು ತಡವಿಲ್ಲದೆ ಬರೆಯಲು, ಬರೆದದ್ದಕ್ಕೆ ತಕರಾರು ಎತ್ತಲು ನೆಚ್ಚಿಕೊಳ್ಳಬಹುದಾದ, ಕಾಲಕ್ಕೆ ಸರಿಯಾಗಿ ಬರುವ ಪತ್ರಿಕೆ ಬೇಕಾಗಿತ್ತು. ಅದನ್ನು ಬೆಂಗಳೂರಿನ ಈ ಸಂಘ ಮಾಡಿತು.

ಹಳೇ ಸಂಪುಟಗಳನ್ನು ತಿರುವಿಹಾಕುವಾಗ ನನಗೆ ಹೆಚ್ಚು ಇಷ್ಟವಾಗುವುದು ದೊಡ್ಡ ಲೇಖನಗಳಿಗಿಂತ ಹಿಂದಿನ ಪುಟಗಳ ಚರ್ಚೆಯ ಭಾಗ. ಒಬ್ಬರ ಲೇಖನ ಬಂದಿರುತ್ತದೆ. ಇನ್ನೊಬ್ಬರು ಬರೆಯುತ್ತಾರೆ, 'ನೀವು ಹೇಳಿದ ಜಾಗಕ್ಕೆ ನಾನೂ ಹೋಗಿದ್ದೆ, ನನಗೆ ಹಾಗೆ ಕಾಣಲಿಲ್ಲ' ಅನ್ನುವ ಧಾಟಿಯಲ್ಲಿ. ಅದರ ಕೆಳಗೇ ಲೇಖಕರ ಉತ್ತರ. ಕೆಲವು ಸಲ ಖಾರವಾಗಿಯೇ ಇರುತ್ತದೆ. ಆದರೆ ಜಾಗದ ಹೆಸರು, ಶಿಲೆಯ ವಿವರ, ಪದರ ಯಾವ ಕಡೆ ವಾಲಿದೆ ಅನ್ನುವುದು, ಎಲ್ಲ ಇರುತ್ತದೆ. ಬೇಕಿದ್ದವರು ಇವತ್ತೂ ಹೋಗಿ ನೋಡಬಹುದು.

ನೈಸ್ ಮತ್ತು ಧಾರವಾಡದ ಪ್ರಶ್ನೆ ಬಗೆಹರಿದ ರೀತಿ ನನಗೆ ಬಹಳ ಇಷ್ಟ. ಎರಡೂ ಕಡೆಯವರು ಕಂಡದ್ದು ನಿಜವಾಗಿತ್ತು. ಶಿಸ್ಟ್ ಅಂತ ಒಂದೇ ಚೀಲಕ್ಕೆ ಹಾಕಿದ್ದರಲ್ಲಿ ಎರಡು ಬೇರೆ ಕಾಲದವು ಸೇರಿಕೊಂಡಿದ್ದವು. ಹೆಗ್ಗಡದೇವನಕೋಟೆ, ಸರಗೂರು ಕಡೆ ನೈಸ್ ಒಳಗೆ ಚೂರುಚೂರಾಗಿ ಸಿಗುವ ಶಿಸ್ಟ್ ಬಹಳ ಹಳೆಯದು. ಅದರ ವಯಸ್ಸು 300 ಕೋಟಿ ವರ್ಷಕ್ಕೂ ಜಾಸ್ತಿ. ಅದಕ್ಕೆ ಈಗ ಸರಗೂರು ಗುಂಪು ಅಂತಲೇ ಹೆಸರು. ಬಾಬಾಬುಡನ್, ಚಿತ್ರದುರ್ಗದ ಧಾರವಾಡ ಶಿಲೆಗಳು ಆಮೇಲಿನವು. ಅವು ನೈಸ್ ಸವೆದು ತಗ್ಗಾದ ನೆಲದ ಮೇಲೆ, ಸರಿಸುಮಾರು 290ರಿಂದ 260 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಕೂತವು. ಸರ್ವೆಯ ಸ್ವಾಮಿನಾಥ್, ರಾಮಕೃಷ್ಣನ್, ವಿಶ್ವನಾಥ ಅವರು 1970ರ ದಶಕದಲ್ಲಿ ಇದನ್ನು ಸ್ಪಷ್ಟವಾಗಿ ವಿಂಗಡಿಸಿ ಮುಂದಿಟ್ಟರು. ಆಮೇಲೆ ಜಿರ್ಕಾನ್ ಅನ್ನುವ ಖನಿಜದ ಕಣಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಅಂತ ಅಳೆದು ವಯಸ್ಸು ಹೇಳುವ ವಿಧಾನ ಬಂತು. ಕ್ಷೇತ್ರದಲ್ಲಿ ನಡೆದವರ ವಿಂಗಡಣೆಯನ್ನು ಅದು ಬಹುಮಟ್ಟಿಗೆ ಎತ್ತಿಹಿಡಿಯಿತು. ಇಷ್ಟು ವರ್ಷ ಆ ವಾದ ಎಲ್ಲೋ ಫೈಲಿನಲ್ಲಿ ಕೂತಿದ್ದರೆ? ಜಿರ್ಕಾನ್ ಅಳೆಯುವವರಿಗೆ ಯಾವ ಗುಡ್ಡದ ಯಾವ ಕಲ್ಲು ತರಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ.

ಇಲ್ಲಿ ಕಬ್ಬಾಳದುರ್ಗದ ವಿಷಯವನ್ನೂ ಹೇಳಲೇಬೇಕು. ಕನಕಪುರದ ಹತ್ತಿರದ ಕಬ್ಬಾಳು ಅಂದರೆ ಕಬ್ಬಾಳಮ್ಮನ ಕ್ಷೇತ್ರ. ಅಲ್ಲಿಯ ಕಲ್ಲು ಕ್ವಾರಿಯಲ್ಲಿ ಸಿ.ಎಸ್. ಪಿಚ್ಚಮುತ್ತು ಅವರು ಒಂದು ವಿಚಿತ್ರ ಕಂಡರು. ಬೂದು ಬಣ್ಣದ ನೈಸ್ ಬಂಡೆಯಲ್ಲೇ ಅಲ್ಲಲ್ಲಿ ಎಣ್ಣೆ ಸುರಿದ ಹಾಗೆ ಕಪ್ಪು ಹಸಿರು ಕಲೆಗಳು. ಅದು ಚಾರ್ನೊಕೈಟ್. ಭೂಮಿಯ ಆಳದಲ್ಲಿ, ನೀರಿನಂಶ ತೀರ ಕಡಿಮೆ ಇರುವ ಕಡೆ, 700 ಡಿಗ್ರಿಗೂ ಹೆಚ್ಚು ಕಾವಿನಲ್ಲಿ ಆಗುವ ಶಿಲೆ. ನೈಸ್ ಕೂತಲ್ಲೇ ಚಾರ್ನೊಕೈಟ್ ಆಗಿ ಬದಲಾಗುತ್ತಿದ್ದ ಗಳಿಗೆಯೊಂದು ಆ ಬಂಡೆಯಲ್ಲಿ ಹಾಗೇ ನಿಂತುಬಿಟ್ಟಿದೆ. 1960ರಲ್ಲಿ ಅವರು ಇದರ ಬಗ್ಗೆ ನೇಚರ್ ಪತ್ರಿಕೆಗೆ ಚಿಕ್ಕ ಟಿಪ್ಪಣಿ ಬರೆದರು. ಮರುವರ್ಷ ಸೊಸೈಟಿಯ 2ನೇ ಸಂಪುಟದಲ್ಲೂ ಬರೆದರು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಎ.ಎಸ್. ಜನಾರ್ದನ್ ಮತ್ತು ಅಮೆರಿಕದ ರಾಬರ್ಟ್ ನ್ಯೂಟನ್ ಮೊದಲಾದವರು, ಆಳದಿಂದ ಮೇಲೇರಿ ಬಂದ ಇಂಗಾಲದ ಡೈಆಕ್ಸೈಡ್ ನೀರಿನಂಶವನ್ನು ಹೊರಗಟ್ಟಿದ್ದರಿಂದ ಹೀಗಾಯಿತು ಅಂತ ವಾದಿಸಿದರು. ಒಪ್ಪದವರೂ ಇದ್ದರು. ಕಬ್ಬಾಳು ಅನ್ನುವ ಪುಟ್ಟ ಊರಿನ ಹೆಸರು ಆಳದ ಶಿಲೆಗಳನ್ನು ಓದುವವರಿಗೆಲ್ಲ ಬಾಯಿಪಾಠವಾಯಿತು. ನಮ್ಮ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಅವರ ಮುಖದಲ್ಲಿ ಕಾಣುವ ಬೆರಗು ನನಗೆ ಬಹಳ ದಿನ ಸಾಕಾಗುತ್ತದೆ. ನಮ್ಮ ಜಿಲ್ಲೆಯ ಪಕ್ಕದ ಕ್ವಾರಿಯ ಮೇಲೆ ಜಗತ್ತು ವಾದ ಮಾಡಿದೆ ಅನ್ನುವುದೇ ಅವರಿಗೆ ಹೊಸದು.

ಇಷ್ಟು ಹೊತ್ತು ಒಳ್ಳೆಯದನ್ನೇ ಹೇಳಿದೆ. ಇನ್ನೊಂದು ಪ್ರಕರಣ ಹೇಳುತ್ತೇನೆ. ಇದು ಕರ್ನಾಟಕದ್ದಲ್ಲ, ಮಧ್ಯ ಭಾರತದ ವಿಂಧ್ಯ ಶಿಲೆಗಳದ್ದು. ಸಂಘಗಳ ಶಕ್ತಿ, ಅಪಾಯ ಎರಡೂ ಇದರಲ್ಲಿವೆ.

1998ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಡೆಹ್ರಾಡೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯ ರಫತ್ ಅಜ್ಮಿ ಅವರ ಲೇಖನ ಬಂತು. ಸೋನ್ ಕಣಿವೆಯ ಕೆಳ ವಿಂಧ್ಯ ಶಿಲೆಗಳಲ್ಲಿ ತನಗೆ ಚಿಪ್ಪಿರುವ ಪುಟಾಣಿ ಜೀವಿಗಳ ಪಳೆಯುಳಿಕೆ ಸಿಕ್ಕಿದೆ ಅಂತ ಅವರು ಬರೆದಿದ್ದರು. ಅಂಥ ಜೀವಿಗಳು ಜಗತ್ತಿನ ಬೇರೆ ಕಡೆ ಸಿಗುವುದು ಕೇಂಬ್ರಿಯನ್ ಕಾಲದ ಆರಂಭದಲ್ಲಿ, ಅಂದರೆ ಸುಮಾರು 54 ಕೋಟಿ ವರ್ಷಗಳ ಹಿಂದೆ. ಹಾಗಾದರೆ ಕೆಳ ವಿಂಧ್ಯದ ವಯಸ್ಸೂ ಅಷ್ಟೇ ಅಂತ ಅವರ ತೀರ್ಮಾನ. ಅಲ್ಲಿಯವರೆಗೆ ಎಲ್ಲರೂ ಆ ಶಿಲೆಗಳು ನೂರು ಕೋಟಿ ವರ್ಷಕ್ಕಿಂತ ಎಷ್ಟೋ ಹಳೆಯವು ಅಂದುಕೊಂಡಿದ್ದರು. ಅದೇ ವರ್ಷ ಸೈನ್ಸ್ ಪತ್ರಿಕೆಯಲ್ಲಿ ಜರ್ಮನಿಯ ಅಡಾಲ್ಫ್ ಸೈಲಾಕರ್ ಮತ್ತು ಸಂಗಡಿಗರು, ವಿಂಧ್ಯ ಶಿಲೆಯಲ್ಲಿ 100 ಕೋಟಿ ವರ್ಷಕ್ಕೂ ಹಳೆಯದಾದ ಹುಳುವಿನ ಜಾಡು ಇದೆ ಅಂತ ಬರೆದಿದ್ದರು. ಅಜ್ಮಿ ಹೇಳಿದ್ದು ನಿಜವಾದರೆ ಆ ಹುಳು ಅಷ್ಟು ಹಳೆಯದಲ್ಲ. ಹುಳು ಅಷ್ಟು ಹಳೆಯದೇ ಆದರೆ ಅಜ್ಮಿ ಹೇಳಿದ ವಯಸ್ಸು ಸರಿಯಾಗುವುದು ಹೇಗೆ? ಗದ್ದಲವೋ ಗದ್ದಲ.

ಆಗ ಭಾರತದ ಪಳೆಯುಳಿಕೆ ವಿಜ್ಞಾನ ಗಾಯಗೊಂಡಿತ್ತು ಅನ್ನುವುದನ್ನೂ ನೆನಪಿಡಬೇಕು. ಹಿಮಾಲಯದ ಪಳೆಯುಳಿಕೆ ಹಗರಣ ಬಯಲಾಗಿ ಹತ್ತು ವರ್ಷವೂ ಆಗಿರಲಿಲ್ಲ. ಬೇರೆ ದೇಶದಲ್ಲಿ ಸಿಕ್ಕ ಪಳೆಯುಳಿಕೆಗಳನ್ನು ಹಿಮಾಲಯದಲ್ಲಿ ಸಿಕ್ಕವು ಅಂತ ವರ್ಷಗಟ್ಟಲೆ ಬರೆಯಲಾಗಿದೆ ಎಂದು ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ 1989ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದ್ದರು. ಹಾಗಾಗಿ ಎಲ್ಲರಿಗೂ ಅನುಮಾನ ಜಾಸ್ತಿ. 1999ರಲ್ಲಿ ಸೊಸೈಟಿಯ ಅದೇ ಪತ್ರಿಕೆಯಲ್ಲಿ ಅಜ್ಮಿ ಅವರ ಲೇಖನಕ್ಕೆ ತಕರಾರುಗಳು ಬಂದವು. ಮತ್ತೆ ಹುಡುಕಲು ಹೋದವರಿಗೆ ಅಂಥ ಪಳೆಯುಳಿಕೆ ಸಿಗಲಿಲ್ಲ. ಅಜ್ಮಿ ಅವರ ಪ್ರಾಮಾಣಿಕತೆಯ ಮೇಲೇ ನೆರಳು ಬಿತ್ತು.

ಆಮೇಲೆ ಏನಾಯಿತು? 2002ರ ಹೊತ್ತಿಗೆ ಜಿರ್ಕಾನ್ ಅಳತೆಗಳು ಕೆಳ ವಿಂಧ್ಯದ ವಯಸ್ಸು ಸುಮಾರು 160 ಕೋಟಿ ವರ್ಷ ಅಂತ ತೋರಿಸಿದವು. ಅಂದರೆ ಅಜ್ಮಿ ಹೇಳಿದ ಕಾಲ ತಪ್ಪು. ಆದರೆ ಸ್ವೀಡನ್ನಿನ ಸ್ಟೆಫಾನ್ ಬೆಂಗ್ಟ್‌ಸನ್ ಅಷ್ಟಕ್ಕೇ ಬಿಡಲಿಲ್ಲ. ವಿಂಧ್ಯದ ಫಾಸ್ಫೇಟ್ ತುಂಬಿದ ಶಿಲೆಯನ್ನು ತಾವೇ ಹೊಸದಾಗಿ ಸಂಗ್ರಹಿಸಿ ನೋಡಿದರು. 2009ರಲ್ಲಿ ಅವರ ತಂಡ ಪ್ರಕಟಿಸಿದ ಫಲಿತಾಂಶ ಎರಡೂ ಕಡೆಯವರನ್ನು ಬೆರಗುಗೊಳಿಸಿತು. ಅಲ್ಲಿ ಪಳೆಯುಳಿಕೆಗಳು ನಿಜಕ್ಕೂ ಇವೆ. ಬಳೆ ಬಳೆಯಂಥ ಗೆರೆಗಳಿರುವ ಸಣ್ಣ ಕೊಳವೆಗಳು ಇವೆ. ಭ್ರೂಣದಂತೆ ಕಂಡಿದ್ದ ಗುಂಡುಗಳು ಮಾತ್ರ ಜೀವಿಗಳಲ್ಲ. ಅವು ಸೂಕ್ಷ್ಮಜೀವಿಗಳ ಲೋಳೆಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಗಳು. ಆ ಶಿಲೆಯನ್ನೇ ನೇರವಾಗಿ ಅಳೆದಾಗ ವಯಸ್ಸು 165 ಕೋಟಿ ವರ್ಷ, 8.9 ಕೋಟಿ ಆಚೀಚೆ. ಅಜ್ಮಿ ಹೇಳಿದ್ದಕ್ಕಿಂತ 100 ಕೋಟಿ ವರ್ಷಕ್ಕೂ ಹೆಚ್ಚು ಹಳೆಯದು. ಅವರ ಕಣ್ಣು ಸರಿಯಾಗಿಯೇ ಕಂಡಿತ್ತು, ಕಾಲದ ಲೆಕ್ಕ ತಪ್ಪಿತ್ತು. 2017ರಲ್ಲಿ ಚಿತ್ರಕೂಟದ ಶಿಲೆಯಲ್ಲಿ ಸಿಕ್ಕ ಕೆಂಪು ಪಾಚಿಯಂಥ ಒಂದು ಜೀವಿಯನ್ನು ಬೆಂಗ್ಟ್‌ಸನ್ ಮತ್ತು ಸಂಗಡಿಗರು ವಿವರಿಸಿದರು. ಗಿಡಗಳ ಬಳಗಕ್ಕೆ ಸೇರಿದ ಅತ್ಯಂತ ಹಳೆಯ ಪಳೆಯುಳಿಕೆಗಳಲ್ಲಿ ಅದು ಒಂದು ಅಂತ ಅವರ ವಾದ. ಅದಕ್ಕೆ ಅವರು ಇಟ್ಟ ಹೆಸರು ರಫತಾಜ್ಮಿಯಾ ಚಿತ್ರಕೂಟೆನ್ಸಿಸ್.

ಈ ಕಥೆಯನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುತ್ತೇನೆ. 1998ರ ಆ ಲೇಖನವನ್ನು ಸೊಸೈಟಿ ಅಚ್ಚು ಹಾಕದೇ ಇದ್ದಿದ್ದರೆ ಯಾರೂ ಆ ಶಿಲೆಯನ್ನು ಮತ್ತೆ ಮುಟ್ಟುತ್ತಿರಲಿಲ್ಲವೋ ಏನೋ. ತಕರಾರುಗಳನ್ನು ಅಚ್ಚು ಹಾಕದೇ ಇದ್ದಿದ್ದರೆ ತಪ್ಪು ವಯಸ್ಸು ಪಠ್ಯಪುಸ್ತಕಕ್ಕೆ ಹೋಗಿಬಿಡುತ್ತಿತ್ತು. ಎರಡನ್ನೂ ಹಾಕಿದ್ದು ಸರಿ. ಆದರೆ ಒಬ್ಬ ಮನುಷ್ಯ ಹತ್ತು ವರ್ಷ ಅನುಮಾನದ ನೆರಳಲ್ಲಿ ಬದುಕಬೇಕಾಯಿತು. ಲೇಖನದ ಮೇಲಿನ ತಕರಾರು ಮನುಷ್ಯನ ಮೇಲಿನ ತಕರಾರಾಗಿ ತಿರುಗುವುದು ಬಹಳ ಸುಲಭ, ಅದರಲ್ಲೂ ಎಲ್ಲರೂ ಎಲ್ಲರಿಗೂ ಗೊತ್ತಿರುವ ಚಿಕ್ಕ ಬಳಗದಲ್ಲಿ. 'ಸಿಗಲಿಲ್ಲ' ಅನ್ನುವುದಕ್ಕೂ 'ಇಲ್ಲ' ಅನ್ನುವುದಕ್ಕೂ ನಡುವೆ ಇರುವ ದೂರವನ್ನು ಕಾಯುವುದು ಸಂಪಾದಕರ ಕೆಲಸಗಳಲ್ಲೇ ಕಷ್ಟದ್ದು.

ಸಂಘಗಳು ಯಾರನ್ನು ಹೊರಗಿಡುತ್ತವೆ ಅನ್ನುವುದೂ ಹಳೇ ಪ್ರಶ್ನೆ. ಈ ಥರದ ಸಂಘಗಳಲ್ಲಿ ಜಗತ್ತಿನಲ್ಲೇ ಹಿರಿಯದು ಲಂಡನ್ನಿನ ಜಿಯಾಲಜಿಕಲ್ ಸೊಸೈಟಿ. 1807ರ ನವೆಂಬರ್ 13ರಂದು ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ ಊಟಕ್ಕೆ ಸೇರಿದ್ದ ಕೆಲವು ಅನುಕೂಲಸ್ಥರು ಅದನ್ನು ಶುರು ಮಾಡಿದರು. ಕಾಲುವೆ ತೋಡುವ ಕಡೆ ಸರ್ವೇಯರ್ ಆಗಿದ್ದ, ಕಮ್ಮಾರನ ಮಗ ವಿಲಿಯಂ ಸ್ಮಿತ್ ಅವರಿಗೆ ಅಲ್ಲಿ ಜಾಗ ಇರಲಿಲ್ಲ. ಪದರಗಳನ್ನು ಅವುಗಳಲ್ಲಿರುವ ಪಳೆಯುಳಿಕೆಯಿಂದ ಗುರುತಿಸಬಹುದು ಅಂತ ಕಂಡುಕೊಂಡು, ಇಂಗ್ಲೆಂಡನ್ನೆಲ್ಲ ಸುತ್ತಿ, 1815ರಲ್ಲಿ ದೊಡ್ಡ ನಕ್ಷೆ ತಂದವರು ಅವರು. ಸೊಸೈಟಿಯ ಮೊದಲ ಅಧ್ಯಕ್ಷ ಗ್ರೀನೋ ಅವರ ಮುಂದಾಳತ್ವದಲ್ಲಿ ಪೈಪೋಟಿಯ ನಕ್ಷೆ 1820ರಲ್ಲಿ ಬಂತು. ಸ್ಮಿತ್ ಅಷ್ಟರಲ್ಲಿ ಸಾಲಕ್ಕಾಗಿ ಜೈಲಿಗೂ ಹೋಗಿ ಬಂದಿದ್ದರು. ಅದೇ ಸೊಸೈಟಿ 1831ರಲ್ಲಿ ತನ್ನ ಮೊಟ್ಟಮೊದಲ ವೊಲಾಸ್ಟನ್ ಪದಕವನ್ನು ಅವರಿಗೇ ಕೊಟ್ಟಿತು. ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಮಾತ್ರ 1919 ಬರಬೇಕಾಯಿತು. ಲೈಮ್ ರೀಜಿಸ್ ಸಮುದ್ರ ದಂಡೆಯಲ್ಲಿ ದೈತ್ಯ ಜಲಚರಗಳ ಅಸ್ಥಿಪಂಜರ ಹೊರತೆಗೆದ ಮೇರಿ ಆನಿಂಗ್ ತೀರಿಕೊಂಡು ಆಗಲೇ 70 ವರ್ಷ ದಾಟಿತ್ತು.

ನಮ್ಮ ಸೊಸೈಟಿಯ ಬಾಗಿಲು ಹಾಗೆ ಮುಚ್ಚಿರಲಿಲ್ಲ. ಅದು ಹುಟ್ಟಿದ ಕಾಲವೇ ಬೇರೆ, ದೇಶವೂ ಬೇರೆ. ರಾಧಾಕೃಷ್ಣ ಅವರು ಸಾಮಾನ್ಯ ಕ್ಷೇತ್ರ ಭೂವಿಜ್ಞಾನಿಯಾಗಿ ನಡೆದು ನಡೆದು ಬೆಳೆದವರು. 1937ರಲ್ಲಿ ಮೈಸೂರು ಇಲಾಖೆ ಸೇರಿದವರು, 1965ರಲ್ಲಿ ಅದರ ನಿರ್ದೇಶಕರಾದರು. ಕ್ಲೋಸ್‌ಪೇಟೆ ಗ್ರಾನೈಟ್ ಬಗ್ಗೆ ಅವರು ಮಾಡಿದ ಕೆಲಸ ಇವತ್ತೂ ಆ ವಿಷಯ ಓದುವವರಿಗೆ ಮೊದಲ ಮೆಟ್ಟಿಲು. ಕ್ಲೋಸ್‌ಪೇಟೆ ಅಂದರೆ ಈಗಿನ ರಾಮನಗರ. ಅಲ್ಲಿಯ ಗುಡ್ಡಗಳಿಂದ ಉತ್ತರಕ್ಕೆ ಬಳ್ಳಾರಿ, ಕೊಪ್ಪಳ ಸೀಮೆಯವರೆಗೂ ಆ ಗ್ರಾನೈಟ್ ಕಿರಿದಾದ ಪಟ್ಟಿಯಾಗಿ ಹೋಗಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. 1970ರ ದಶಕದಲ್ಲಿ ಪತ್ರಿಕೆಯ ಸಂಪಾದಕತ್ವ ಅವರ ಕೈಗೆ ಬಂತು. ಮುಂದೆ ಅಧ್ಯಕ್ಷರೂ ಆದರು. 2012ರ ಜನವರಿ 26ರಂದು, 93ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರ ಮನಸ್ಸು ಇದ್ದದ್ದು ಸೊಸೈಟಿಯಲ್ಲೇ. ಲೇಖನ ತಿದ್ದುವುದು, ಪ್ರೂಫ್ ನೋಡುವುದು, ಸಂಪಾದಕೀಯ ಬರೆಯುವುದು, ಹೊಸ ಪುಸ್ತಕಕ್ಕೆ ಯಾರಿಂದ ಬರೆಸಬೇಕು ಅಂತ ಯೋಚಿಸುವುದು. ಇದಕ್ಕೆ ದೊಡ್ಡ ಪ್ರಶಸ್ತಿ ಬರುವುದಿಲ್ಲ. ತನ್ನ ಸಂಶೋಧನೆಗೆ ಇಡಬಹುದಾಗಿದ್ದ ಸಮಯವನ್ನು ಬೇರೆಯವರ ಸಂಶೋಧನೆಗೆ ಕೊಡುವುದು ಅಂದರೆ ಏನು ಅನ್ನುವುದು ಲೇಖನ ಬರೆದು ಸಂಪಾದಕರಿಗೆ ಕಳಿಸಿದವರಿಗೆ ಗೊತ್ತು.

ಅವರ ಸಂಪಾದಕೀಯಗಳಲ್ಲಿ ನಾನು ಗಮನಿಸಿದ್ದು, ಅವರು ಶಿಲೆಯ ವಯಸ್ಸಿನ ಜೊತೆಗೆ ನೀರಿನ ಬಗ್ಗೆಯೂ ಅಷ್ಟೇ ಕಳಕಳಿಯಿಂದ ಬರೆಯುತ್ತಿದ್ದರು ಅನ್ನುವುದನ್ನು. ಇದು ಕರ್ನಾಟಕದವರಿಗೆ ಸುಮ್ಮನೆ ಬಿಡುವ ವಿಷಯವಲ್ಲ. ನಮ್ಮ ರಾಜ್ಯದ ಬಹುಪಾಲು ಗಟ್ಟಿ ಶಿಲೆ. ಗಂಗಾ ಬಯಲಿನ ಹಾಗೆ ಕೆಳಗೆ ನೂರಾರು ಅಡಿ ಮರಳಿನ ಪದರ ಇಲ್ಲ. ಇಲ್ಲಿ ನೀರು ನಿಲ್ಲುವುದು ಎರಡೇ ಕಡೆ. ಒಂದು, ಮೇಲಿನ ಶಿಥಿಲವಾದ ಶಿಲೆಯ ಪದರದಲ್ಲಿ. ನಮ್ಮ ಅಜ್ಜಂದಿರ ತೆರೆದ ಬಾವಿಗಳಿಗೆ ನೀರು ಬರುತ್ತಿದ್ದುದು ಅಲ್ಲಿಂದ. ಎರಡು, ಅದರ ಕೆಳಗಿನ ಬಂಡೆಯ ಬಿರುಕುಗಳಲ್ಲಿ. ಆ ಬಿರುಕುಗಳು ಆಳಕ್ಕೆ ಹೋದಷ್ಟೂ ಕಡಿಮೆಯಾಗುತ್ತವೆ, ಬಿಗಿಯಾಗುತ್ತವೆ. ಕೋಲಾರ, ಚಿಕ್ಕಬಳ್ಳಾಪುರ ಕಡೆ ರೈತರು 1000 ಅಡಿ ದಾಟಿ ಬೋರ್ ಕೊರೆಸಿದ್ದಾರೆ. ಸಾಲ ಮಾಡಿ ಕೊರೆಸಿದ ಬೋರಿನಲ್ಲಿ ಬರೀ ಧೂಳು ಬಂದ ದಿನ ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಎಷ್ಟೋ ಕಡೆ ಸಿಕ್ಕ ನೀರಿನಲ್ಲೂ ಫ್ಲೋರೈಡ್. ಗ್ರಾನೈಟ್, ನೈಸ್ ಶಿಲೆಯ ಖನಿಜಗಳಲ್ಲಿರುವ ಫ್ಲೋರಿನ್ ನಿಧಾನಕ್ಕೆ ನೀರಿಗೆ ಇಳಿಯುತ್ತದೆ. ನೀರು ಬಂಡೆಯೊಳಗೆ ಹೆಚ್ಚು ಕಾಲ ನಿಂತಷ್ಟೂ ಅದು ಜಾಸ್ತಿ.

ಇವೆಲ್ಲ ಭೂವಿಜ್ಞಾನದ ಪತ್ರಿಕೆಗಳಲ್ಲಿ ಬಂದಿರುವ ವಿಷಯಗಳೇ. ಕೆರೆಯ ಹೂಳು ತೆಗೆದರೆ ಸುತ್ತಲಿನ ಶಿಥಿಲ ಪದರಕ್ಕೆ ನೀರು ಹೇಗೆ ಇಂಗುತ್ತದೆ, ಬಿರುಕುಗಳ ದಿಕ್ಕನ್ನು ಉಪಗ್ರಹ ಚಿತ್ರದಲ್ಲಿ ಹೇಗೆ ಗುರುತಿಸಬೇಕು, ಎಲ್ಲ. ಆದರೆ ಅದು ಇಂಗ್ಲಿಷಿನಲ್ಲಿದೆ. ಬೋರ್ ಪಾಯಿಂಟ್ ಹಾಕಿಸಲು ಕೈಯಲ್ಲಿ ತೆಂಗಿನಕಾಯಿ ಹಿಡಿದು ನಡೆಯುವವರ ಹಿಂದೆ ಹೋಗುವ ರೈತನಿಗೆ ಅದು ತಲುಪಿಲ್ಲ. ಆ ರೈತನನ್ನು ದೂರಿ ಪ್ರಯೋಜನವಿಲ್ಲ. ಅವನ ಭಾಷೆಯಲ್ಲಿ ಬೇರೆ ಏನಾದರೂ ಅವನ ಕೈಗೆ ಕೊಟ್ಟಿದ್ದೇವೆಯೇ?

ಕಿಲ್ಲಾರಿಯ ಭೂಕಂಪದ ಬಗ್ಗೆಯೂ ಒಂದು ಮಾತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದ ಹೊತ್ತಿನಲ್ಲಿ, ನಮ್ಮ ಬೀದರ್ ಜಿಲ್ಲೆಗೆ ಅಂಟಿಕೊಂಡಿರುವ ಮಹಾರಾಷ್ಟ್ರದ ಲಾತೂರ್ ಜಿಲ್ಲೆ ನಡುಗಿತು. ಸತ್ತವರು 10,000ದ ಹತ್ತಿರ. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳೇ ಮಲಗಿದ್ದವರ ಮೇಲೆ ಬಿದ್ದವು. ದಖನ್ ನೆಲ ಅಲುಗುವುದಿಲ್ಲ ಅನ್ನುವ ನಂಬಿಕೆಗೆ 1967ರ ಕೊಯ್ನಾ ಭೂಕಂಪವೇ ಪೆಟ್ಟು ಕೊಟ್ಟಿತ್ತು. ಆದರೂ ಕೊಯ್ನಾದಲ್ಲಿ ಅಣೆಕಟ್ಟೆಯ ನೀರಿನ ಭಾರ ಅಂತ ಒಂದು ಕಾರಣ ಹೇಳಬಹುದಿತ್ತು. ಲಾತೂರಿನಲ್ಲಿ ಏನು ಹೇಳುವುದು? ಸೊಸೈಟಿ ಮರುವರ್ಷವೇ ಹರ್ಷ ಗುಪ್ತಾ ಅವರ ಸಂಪಾದಕತ್ವದಲ್ಲಿ ಆ ಭೂಕಂಪದ ಮೇಲೆ ಒಂದು ಪೂರ್ತಿ ಸಂಪುಟ ತಂದಿತು. ಬೇರೆ ಬೇರೆ ಸಂಸ್ಥೆಗಳವರು ಕಂಡದ್ದು, ಅಳೆದದ್ದು ಎಲ್ಲ ಒಂದೇ ಕಡೆ, ನೆನಪು ಹಸಿಯಾಗಿರುವಾಗಲೇ. ಅಂಥ ಕೆಲಸಕ್ಕೆ ಯಾವ ಇಲಾಖೆಗೂ ಸೇರದ ಒಂದು ಸಂಘ ಬೇಕು. ಇಲ್ಲದಿದ್ದರೆ ಪ್ರತಿ ಸಂಸ್ಥೆಯ ವರದಿ ಅದರದರ ಕಪಾಟಿನಲ್ಲೇ ಉಳಿಯುತ್ತದೆ.

ಈಗಿನ ಸ್ಥಿತಿ ಬದಲಾಗಿದೆ. ಪತ್ರಿಕೆ ಹೊರದೇಶದ ಪ್ರಕಾಶನ ವ್ಯವಸ್ಥೆಯ ಮೂಲಕ ಅಂತರ್ಜಾಲಕ್ಕೆ ಹೋಗಿದೆ. ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಓದಬಹುದು, ಚಂದಾ ಇದ್ದರೆ. ನಮ್ಮ ತಾಲ್ಲೂಕು ಕೇಂದ್ರಗಳ ಕಾಲೇಜುಗಳಿಗೆ ಅಂಥ ಚಂದಾ ಕಟ್ಟುವ ಶಕ್ತಿ ಇಲ್ಲ. ಹಿಂದೆ ಅಚ್ಚಾದ ಸಂಪುಟ ಅಂಚೆಯಲ್ಲಿ ಬಂದು ಗ್ರಂಥಾಲಯದ ಕಪಾಟು ಸೇರುತ್ತಿತ್ತು, ಯಾರು ಬೇಕಾದರೂ ತೆಗೆದು ಓದಬಹುದಿತ್ತು. ಇನ್ನೊಂದು ಕಡೆ, ಕೆಲಸ ಬೇಕಾದ ಯುವ ಸಂಶೋಧಕರು ತಮ್ಮ ಒಳ್ಳೆಯ ಲೇಖನವನ್ನು ಹೆಚ್ಚು ಅಂಕ ತರುವ ವಿದೇಶಿ ಪತ್ರಿಕೆಗೇ ಕಳಿಸುತ್ತಾರೆ. ಅವರನ್ನು ತಪ್ಪು ಅನ್ನಲಾರೆ, ನೇಮಕಾತಿಯ ನಿಯಮಗಳೇ ಹಾಗಿವೆ. ಆದರೆ ವಿದೇಶಿ ಪತ್ರಿಕೆಗೆ ಚಿತ್ರದುರ್ಗದ ಒಂದು ಹಳ್ಳದಲ್ಲಿ ಕಂಡ ಕಾಂಗ್ಲೊಮರೇಟ್‌ನ ಎರಡು ಪುಟದ ಟಿಪ್ಪಣಿ ಬೇಡ. ಅಂಥ ಟಿಪ್ಪಣಿಗಳೇ ನಾಳೆಯ ದೊಡ್ಡ ಲೇಖನಕ್ಕೆ ನೆಲ. ಅವು ಎಲ್ಲಿ ಅಚ್ಚಾಗಬೇಕು?

ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬ ಶಿಲೆಗಳು, ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರ ಸೀಮೆಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆ, ಲಾಲ್‌ಬಾಗಿನ ನೈಸ್. ಈ ನಾಲ್ಕು ಕಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಮನ್ನಣೆ ಇದೆ. ಕಲ್‌ದುರ್ಗಕ್ಕೆ ಇಲ್ಲ, ತಾಳ್ಯಕ್ಕೆ ಇಲ್ಲ, ಕಬ್ಬಾಳಿಗೂ ಇಲ್ಲ. ಇಂಥ ಜಾಗಗಳ ಮೇಲೆ ಒಂದು ಕ್ರಷರ್ ಬಂದು ಕೂತರೆ ಐವತ್ತು ವರ್ಷದ ವಾದದ ಸಾಕ್ಷಿ ಜಲ್ಲಿಯಾಗಿ ರಸ್ತೆಗೆ ಹೋಗುತ್ತದೆ. ಯಾವ ಬಂಡೆ ಉಳಿಯಬೇಕು ಅಂತ ಹೇಳುವ ಹಕ್ಕು, ಹೇಳಬಲ್ಲ ತಿಳಿವಳಿಕೆ ಎರಡೂ ಇರುವುದು ಸೊಸೈಟಿಯ ಸದಸ್ಯರಿಗೆ. ಪಟ್ಟಿ ಮಾಡಿ, ಫೋಟೊ ಸಮೇತ, ಅಕ್ಷಾಂಶ ರೇಖಾಂಶ ಸಮೇತ ಜಿಲ್ಲಾಧಿಕಾರಿಗಳಿಗೂ ಗ್ರಾಮ ಪಂಚಾಯತಿಗೂ ಕೊಡಬೇಕು. ಕನ್ನಡದಲ್ಲಿ ಕೊಡಬೇಕು.

ಈ ವರ್ಷ ನಮ್ಮ ಕಾಲೇಜಿನ ಕೊನೆಯ ವರ್ಷದ ಮಕ್ಕಳಿಗೆ ಅದನ್ನೇ ಪ್ರಾಜೆಕ್ಟ್ ಆಗಿ ಕೊಟ್ಟಿದ್ದೇನೆ. ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಬಂಡೆಯನ್ನು ಆರಿಸಿಕೊಂಡು, ಅದರ ಬಗ್ಗೆ ಹಳೇ ಸಂಪುಟಗಳಲ್ಲಿ ಯಾರಾದರೂ ಬರೆದಿದ್ದಾರಾ ಅಂತ ಹುಡುಕಿ, ಅಲ್ಲಿಗೆ ಹೋಗಿ, ಈಗ ಅದು ಹೇಗಿದೆ ಅಂತ ಕನ್ನಡದಲ್ಲಿ ಎರಡು ಪುಟ ಬರೆಯಬೇಕು. ಹಳೇ ಲೇಖಕರ ಮಾತಿನ ಜೊತೆ ತಮ್ಮ ಕಣ್ಣು ಒಪ್ಪದಿದ್ದರೆ ಅದನ್ನೂ ಬರೆಯಬೇಕು, ಯಾಕೆ ಅಂತ ಕಾರಣ ಕೊಟ್ಟು. ನಿಮ್ಮೂರಿನ ಹತ್ತಿರ ಅಂಥ ಬಂಡೆ, ಕ್ವಾರಿ, ಹಳ್ಳದ ದಂಡೆ ಇದ್ದರೆ ನೀವೂ ಬರೆದಿಡಿ. ಜಾಗ ಎಲ್ಲಿ ಅನ್ನುವುದನ್ನು ಮಾತ್ರ ಸ್ಪಷ್ಟವಾಗಿ ಬರೆಯಿರಿ. ಇನ್ನೊಬ್ಬರು ಅಲ್ಲಿಗೆ ಹೋಗಿ ನೋಡುವ ಹಾಗಿರಬೇಕು.